ಮಾವನ ಕೆಂಪು ಕಾರು ಮತ್ತು ಮುಚ್ಚಳವಿಲ್ಲದ ಭರಣಿ

ನಮ್ಮ ಸೋದರಮಾವನ ಮನೆಗೆ ಹೋಗುವವರಿಗೆ ನಮ್ಮ ಬಂಧುಬಳಗದಲ್ಲಿ ಒಂದು ಎಚ್ಚರಿಕೆ ಕೊಟ್ಟೇ ಕಳಿಸುತ್ತಾರೆ. ಮುದ್ದೆ ಉಣ್ಣಿ, ಮಜ್ಜಿಗೆ ಕುಡಿಯಿರಿ, ಮಂಡಿನೋವಿನ ಕಥೆ ಹೇಳಿ, ಏನು ಬೇಕಾದರೂ ಮಾಡಿ. ಬಾಯಿತಪ್ಪಿ ಕೂಡ ಯಾವ ಮಾತೂ ಕೊಡಬೇಡಿ. ಕೊಟ್ಟಿರೋ, ಕೆಟ್ಟಿರಿ! ಮಾವ ಎದ್ದು ಒಳಗೆ ಹೋಗಿ, ಒಂದು ಮರದ ಕುಂಕುಮದ ಭರಣಿ ತಂದು ಬೋರಲು ಹಾಕಿ, ನಿಮ್ಮ ಕೈಗೆ ಪೆನ್ನು ಕೊಡುತ್ತಾನೆ.

(ಮಾವನನ್ನು ಏಕವಚನದಲ್ಲಿ ಬರೆದೆನೆಂದು ಯಾರೂ ಹುಬ್ಬೇರಿಸಬೇಡಿ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಾಕಿದರೆ, ಏನು ಮನಸ್ತಾಪ ಬಂತು ಎಂದು ಕೇಳುತ್ತಾರೆ.)

ಮಾವ ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಮರದ ಗೊಂಬೆ ಮಾಡುವವನು. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರಗಿರನೆ ತಿರುಗುವಾಗಲೇ ಉಳಿ ಇಟ್ಟು ಆಕಾರ ಕೊಟ್ಟು, ಬಣ್ಣದ ಅರಗಿನ ಕಡ್ಡಿ ಒತ್ತಿ, ಒಣಗಿದ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುವ ಕೆಲಸ. ಹುಡುಗನಾಗಿದ್ದಾಗ ಯಾವನೋ ವ್ಯಾಪಾರಿ ಬಾಯಲ್ಲಿ ಕೆಂಪು ಬುಗುರಿಗೆ ಆರ್ಡರು ಹೇಳಿ, ರಾಶಿ ಹಾಕಿದ ಮೇಲೆ ಬಂದು ನಾನು ಕೇಳಿದ್ದು ಹಸಿರು ಎಂದನಂತೆ. ಅವತ್ತಿನಿಂದ ಮಾವನಿಗೆ ಬಾಯಿಮಾತಿನ ಮೇಲೆ ನಂಬಿಕೆ ಹೋಯಿತು. ಕಾಗದದ ಮೇಲೂ ಇಲ್ಲ. ಅದು ಹರಿಯುತ್ತದೆ, ನೆನೆಯುತ್ತದೆ, ಇಲಿ ತಿನ್ನುತ್ತದೆ. ಅದಕ್ಕೇ ಅವನದೇ ಒಂದು ಪದ್ಧತಿ ಮಾಡಿಕೊಂಡ. ಒಂದು ಭರಣಿ, ಅದಕ್ಕೊಂದು ಮುಚ್ಚಳ. ಎರಡನ್ನೂ ಒಂದೇ ಮರದ ತುಂಡಿನಲ್ಲಿ ಕಡೆದಿರುವುದರಿಂದ ಒಂದು ಭರಣಿಯ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ. ಮಾತು ಕೊಡುವವರು ಭರಣಿಯ ತಳದ ಬಿಳಿ ಮರದ ಮೇಲೆ ಸ್ವಂತ ಕೈಯಿಂದ ಬರೆದು ಸಹಿ ಹಾಕಬೇಕು. ಅದರ ಮೇಲೆ ಮಾವ ಬಣ್ಣವಿಲ್ಲದ ಅರಗು ಹತ್ತಿಸುತ್ತಾನೆ. ಆಮೇಲೆ ಆ ಬರಹ ಉಗುರಿನಿಂದ ಕೆರೆದರೂ ಹೋಗುವುದಿಲ್ಲ, ನೀರಲ್ಲಿ ನೆನೆಸಿದರೂ ಹೋಗುವುದಿಲ್ಲ. ಭರಣಿ ಮಾತು ಪಡೆದವರ ಹತ್ತಿರ, ಮುಚ್ಚಳ ಮಾತು ಕೊಟ್ಟವರ ಹತ್ತಿರ. ಮಾತು ಮುಗಿಸಿದ ದಿನ ಮುಚ್ಚಳ ತಂದು ಹಾಕಿ, ಇಡೀ ಭರಣಿ ನಿಮ್ಮದೇ ಎಂದು ಮನೆಗೆ ಒಯ್ಯಬಹುದು.

ವ್ಯಾಪಾರದಲ್ಲಿ ಇದು ಸರಿಯೇ. ಮಾವ ಇದನ್ನು ನೆಂಟರಿಷ್ಟರಿಗೂ ವಿಸ್ತರಿಸಿಬಿಟ್ಟ. ಅವನ ಮನೆಯ ಹಜಾರದ ಹಲಗೆಯ ಮೇಲೆ ಮುಚ್ಚಳವಿಲ್ಲದ ಭರಣಿಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿವೆ. ಒಂದರ ತಳದಲ್ಲಿ ನನ್ನ ದೊಡ್ಡಪ್ಪನ ಮಗ ಬೀಡಿ ಬಿಡುತ್ತೇನೆಂದು ಬರೆದಿದ್ದಾನೆ; ಅವನು ಈಗ ಸಿಗರೇಟಿಗೆ ಬಂದಿದ್ದಾನೆ. ಇನ್ನೊಂದರಲ್ಲಿ ಪಂಚಾಯ್ತಿ ಚುನಾವಣೆಗೆ ನಿಂತ ಒಬ್ಬರು ಬೀದಿಗೆ ಚರಂಡಿ ಮಾಡಿಸುವುದಾಗಿ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಗೆದ್ದ ಮೇಲೆ ಅವರು ಆ ಬೀದಿಯಲ್ಲೇ ಓಡಾಡುವುದನ್ನು ಬಿಟ್ಟರು. ಮೂರನೆಯದು ನನ್ನದು. ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ಎಂಬತ್ತು ತೆಗೆಯುತ್ತೇನೆಂದು ಬರೆದುಕೊಟ್ಟಿದ್ದೆ. ನಾನು ಈಗ ರಾಮನಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಮ್ಮ ಆಗಿರುವುದರಿಂದಲೇ ನನ್ನ ಲೆಕ್ಕದ ಗತಿ ನಿಮಗೆ ತಿಳಿದಿರಬೇಕು. ಹೋದಾಗಲೆಲ್ಲ ಆ ಭರಣಿ ನನ್ನನ್ನೇ ನೋಡುತ್ತದೆ.

ಇಂಥ ಮಾವ ಕಾರು ಕೊಳ್ಳಲು ಹೊರಟ. ಹೆದ್ದಾರಿ ಅಗಲವಾಗಿ, ಬಿಡದಿಯಿಂದ ಈಚೆಗೆ ಹಿಪ್ಪುನೇರಳೆ ತೋಟಗಳಿದ್ದ ಕಡೆಯೆಲ್ಲ ಕಾರ್ಖಾನೆ ಕಾಂಪೌಂಡು ಎದ್ದು, ನಡುನಡುವೆ ಗಾಜಿನ ಷೋರೂಮುಗಳು ಹೊಳೆಯತೊಡಗಿದ್ದ ಕಾಲ ಅದು. ಮಾವನ ಗೊಂಬೆಗಳೂ ಆಗ ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದವು. ಸ್ಯಾಂಪಲ್ಲು ಹೊತ್ತು ಬೆಂಗಳೂರು ಬಸ್ಸಿನಲ್ಲಿ ನಿಂತು ಹೋಗಿ ಸಾಕಾಗಿತ್ತು. ಅತ್ತೆಗೂ ಕನಕಪುರದ ತವರಿಗೆ ಹೋಗುವಾಗ ಎರಡು ಬಸ್ಸು ಬದಲಾಯಿಸಬೇಕಿತ್ತು. ಸಂಕ್ರಾಂತಿ ಕಳೆದ ವಾರ ಗಂಡಹೆಂಡಿರು ಒಟ್ಟಿಗೆ ಷೋರೂಮಿಗೆ ಹೋದರು. ಇಂಗ್ಲಿಷು ಬಂದರೆ ಇರಲಿ ಎಂದು ನನ್ನನ್ನೂ ಕರೆದೊಯ್ದರು.

ಬೇರೆಯವರು ಕಾರು ಕೊಳ್ಳುವಾಗ ಮೈಲೇಜು ಕೇಳುತ್ತಾರೆ. ಮಾವ ಜೇಬಿನಿಂದ ಒಂದು ಕೆಂಪು ಬುಗುರಿ ತೆಗೆದು, ಟೈ ಕಟ್ಟಿದ್ದ ಸೇಲ್ಸಿನವನ ಮುಂದೆ ಹಿಡಿದ.

"ಈ ಕೆಂಪು ಐತಾ?"

"ಕೆಂಪು ಇದೆ ಅಂಕಲ್. ಒಂದೇ ಕೆಂಪು ಬರೋದು."

"ಒಂದೇನಾ? ಇಷ್ಟು ದೊಡ್ಡ ಕಾರ್ಖಾನೆ ಇಟ್ಕಂಡು ಒಂದೇ ಕೆಂಪಾ?" ಮಾವನಿಗೆ ನಿಜಕ್ಕೂ ಬೇಸರವಾಯಿತು. ಅವನ ಮನೆಯಲ್ಲಿ ಒಂಬತ್ತು ಕೆಂಪುಗಳಿದ್ದವು. ಕಾರಿನ ಸುತ್ತ ಮೂರು ಸುತ್ತು ಹಾಕಿ, ಬಾಗಿಲನ್ನು ಅಂಗೈಯಿಂದ ಸವರಿ, ಕಣ್ಣು ಮುಚ್ಚಿ ನಿಂತು, ಪರವಾಗಿಲ್ಲ ಎಂದು ಒಪ್ಪಿದ. ಒಳಗೆ ಎಂಜಿನ್ನು ಇದೆಯೋ ಇಲ್ಲವೋ ನೋಡಲಿಲ್ಲ.

ಆಗ ಸೇಲ್ಸಿನವನು ಪೇಂಟ್ ಪ್ರೊಟೆಕ್ಷನ್ ಪಾಲಿಸಿ ತೆಗೆದ. ಕಾರಿನ ಮೇಲೆ ಕಣ್ಣಿಗೆ ಕಾಣದ ಒಂದು ಲೇಪ ಹಾಕುತ್ತಾರಂತೆ. ಐದು ವರ್ಷ ಬಣ್ಣ ಮಾಸುವುದಿಲ್ಲ, ಕಲೆಯಾಗುವುದಿಲ್ಲ, ಹಾಗೇನಾದರೂ ಆದರೆ ಕಂಪನಿಯೇ ಪುಕ್ಕಟೆ ಬಣ್ಣ ಹೊಡೆದುಕೊಡುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಯಾಕೆ ಕೊಡಬೇಕು ಎಂದು ಮಾವ ಎದ್ದೇಬಿಟ್ಟಿದ್ದ. ತಡೆದದ್ದು ಅತ್ತೆ.

ಅತ್ತೆಯ ಚಿಂತೆಯೇ ಬೇರೆ. ಮಾವನ ಮನೆ ಅಂಗಳದ ತುಂಬ ಒಣಗಲು ಹಾಕಿದ ಆಲೆ ಮರದ ತುಂಡುಗಳು. ಕಾರು ನಿಲ್ಲಿಸಲು ಉಳಿದಿರುವ ಜಾಗ ಒಂದೇ, ಹಿತ್ತಿಲ ಹುಣಸೆ ಮರದ ದೊಡ್ಡ ಕೊಂಬೆಯ ಕೆಳಗೆ. ಆ ಕೊಂಬೆಯ ಮೇಲೆ ಪ್ರತಿವರ್ಷ ಕೊಕ್ಕರೆಗಳು ಬಂದು ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲಕ್ಕೆ ಹಾರಿಹೋಗುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ನಮ್ಮ ಕಡೆ ಅವನ್ನು ಯಾರೂ ಓಡಿಸುವುದಿಲ್ಲ. ಮಾವ-ಅತ್ತೆಗೆ ಮಕ್ಕಳಾಗಲಿಲ್ಲ. ಬೇರೆಯವರಿಗೆ ಅದು ಬರೀ ಮಾತು, ಅತ್ತೆಗೆ ಅದು ಮಾತಲ್ಲ. ಮರಿ ಕೆಳಗೆ ಬಿದ್ದರೆ ಮೊರದಲ್ಲಿಟ್ಟು ಮೀನು ತಿನ್ನಿಸುವವಳು ಅವಳು.

"ನೋಡಪ್ಪ, ನಮ್ಮನೆ ಮರದ್ ಮೇಲೆ ಕೊಕ್ಕರೆ ಕೂತವೆ. ಈಗ್ಲೇ ಬಂದವೆ. ಕಾರು ಅದರ ಕೆಳಗೇ ನಿಲ್ಲದು. ಅವು ಮೇಲಿಂದ ಮಾಡಿದ್ದೆಲ್ಲ ಇದರ ಮೇಲೇ ಬೀಳ್ತದೆ. ತಡೀತದಾ ಹೇಳು, ತಡೀತದೆ ಅಂದ್ರೆ ಹಾಕ್ಸವ," ಎಂದಳು ಅತ್ತೆ.

"ಆಂಟಿ, ಕೊಕ್ಕರೆ ಅಲ್ಲ, ಆನೆ ಹತ್ತಿ ಕೂತ್ರೂ ಏನೂ ಆಗಲ್ಲ."

ಮಾವ ಚೀಲಕ್ಕೆ ಕೈ ಹಾಕಿದ. ನಾನು ಕಣ್ಣು ಮುಚ್ಚಿಕೊಂಡೆ.

ಪಾಪ, ಆ ಸೇಲ್ಸಿನವನು ಇದೇನೋ ಹಳ್ಳಿಯವರ ಶಾಸ್ತ್ರವೆಂದುಕೊಂಡು ನಗುನಗುತ್ತ ಬರೆದ. 'ಮರದ ಕೆಳಗೆ ನಿಲ್ಲಿಸಿದರೂ, ಕೊಕ್ಕರೆ ಹಿಕ್ಕೆ ಬಿದ್ದರೂ ಬಣ್ಣ ಹೋಗಲ್ಲ. ಹೋದರೆ ಕಂಪನಿ ಜವಾಬ್ದಾರಿ.' ಕೆಳಗೆ ಸಹಿ. ಮಾವ ಹೇಳಿದನೆಂದು ಷೋರೂಮಿನ ಮೊಹರನ್ನೂ ಒತ್ತಿದ. ಮುಚ್ಚಳ ಕೊಟ್ಟಾಗ, ಚೆನ್ನಾಗಿದೆ ಅಂಕಲ್ ಎಂದು ಮೇಜಿನ ಮೇಲಿಟ್ಟು ಅದರಲ್ಲಿ ಗುಂಡುಪಿನ್ನು ಹಾಕಿಕೊಂಡ.

ಪಾಲಿಸಿಯ ದುಡ್ಡಿಗೆ ಅತ್ತೆ ಸೆರಗಿನ ಗಂಟಿನಿಂದ ಕ್ರೆಡಿಟ್ ಕಾರ್ಡು ತೆಗೆದಳು. ಕುಶಲಕರ್ಮಿಗಳ ಮೇಳದಲ್ಲಿ ಯಾವುದೋ ಬ್ಯಾಂಕಿನವರು ಮಾವನ ಕೈಗೆ ತುರುಕಿದ್ದ ಕಾರ್ಡು ಅದು. ಹೊಳೆಯುವ ವಸ್ತು, ಮೇಲೆ ತನ್ನ ಹೆಸರು ಬೇರೆ ಉಬ್ಬಿ ಬಂದಿದೆ ಎಂದು ಮಾವ ಅದನ್ನು ದೇವರಮನೆಯಲ್ಲಿಟ್ಟಿದ್ದ. ಅಲ್ಲಿ ಅತ್ತೆ ದಿನಾ ಹಣೆಗಿಟ್ಟುಕೊಳ್ಳುವ ಕುಂಕುಮದ ಹಳೆಯ ಭರಣಿಯ ಪಕ್ಕದಲ್ಲಿ ಎರಡು ವರ್ಷ ಪೂಜೆ ಮಾಡಿಸಿಕೊಂಡು ಕೂತಿತ್ತು. ಆ ಭರಣಿಯ ಮೇಲೆ ಅತ್ತೆ ಮುಚ್ಚುವ ಸ್ಟೀಲಿನ ತಟ್ಟೆ ಯಾವಾಗಲೂ ಜಾರಿ, ಕುಂಕುಮ ಕಾರ್ಡಿನ ಮೇಲೆಲ್ಲ ಚೆಲ್ಲಿತ್ತು. ಷೋರೂಮಿನ ಯಂತ್ರ ಅದನ್ನು ಓದಲಾರೆ ಎಂದು ಹಟ ಹಿಡಿಯಿತು. ಅತ್ತೆ ಸೆರಗಿನಿಂದ ಒರೆಸಿಕೊಟ್ಟಳು. ಸೇಲ್ಸಿನವನು ಅದನ್ನು ಯಂತ್ರಕ್ಕೆ ಮತ್ತೆ ಮತ್ತೆ ಉಜ್ಜುವುದನ್ನು ಮಾವನಿಂದ ನೋಡಲಾಗಲಿಲ್ಲ.

"ಒಸಿ ಮೆಲ್ಲಗೆ ಉಜ್ಜಪ್ಪ, ಬಣ್ಣ ಎದ್ದೋಗ್ತದೆ."

ಕಾರು ಮನೆಗೆ ಬಂತು. ಜನ ಕಾರಿನ ಮುಂದಿನ ಹಲಗೆಯ ಮೇಲೆ ಗಣಪತಿ ಕೂರಿಸುತ್ತಾರೆ. ಮಾವ ತನ್ನ ಲೇತಿನ ಮೇಲಿನ ಗೂಡಿನಲ್ಲಿ ವರ್ಷಗಳಿಂದ ಇದ್ದ ಒಂದು ಹಳೆಯ ಕೆಂಪು ಮುಚ್ಚಳ ತಂದು ಅಲ್ಲಿ ಅಂಟಿಸಿದ. ಇದು ಯಾವ ದೇವರು ಮಾವ ಎಂದು ಕೇಳಿದೆ. "ಸುಮ್ನೆ ಕೂತ್ಕೊ," ಎಂದ.

ಒಂದೂವರೆ ತಿಂಗಳು ಕಳೆಯಿತು. ಕೊಕ್ಕರೆಗಳು ಮೊಟ್ಟೆಯಿಟ್ಟವು, ಮರಿಯಾದವು. ಅವುಗಳ ಹೊಟ್ಟೆ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತೆಂಬುದಕ್ಕೆ ಕಾರೇ ಸಾಕ್ಷಿ. ಮಾವ ದಿನಾ ಬೆಳಿಗ್ಗೆ ತೊಳೆದ. ಬಿಳಿ ಹೋಯಿತು, ಅದರ ಕೆಳಗಿನ ಕೆಂಪೂ ಹೋಯಿತು! ಬಾನೆಟ್ಟಿನ ಮೇಲೆ ತೊನ್ನಿನ ಹಾಗೆ ಮಚ್ಚೆಗಳು ಎದ್ದವು.

ಷೋರೂಮಿಗೆ ಒಯ್ದರೆ ಮ್ಯಾನೇಜರು ಪಾಲಿಸಿಯ ಪುಸ್ತಕ ತೆಗೆದ. ಕೊನೆಯ ಪುಟದಲ್ಲಿ ಸಾಸಿವೆ ಗಾತ್ರದ ಇಂಗ್ಲಿಷು. ನಾನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಹಕ್ಕಿಯ ಹಿಕ್ಕೆಗೆ ಅನ್ವಯಿಸುವುದಿಲ್ಲ. ಮರದ ಅಂಟಿಗೆ ಅನ್ವಯಿಸುವುದಿಲ್ಲ. ಬಿಸಿಲಿಗೆ, ಧೂಳಿಗೆ, ಉಪ್ಪುನೀರಿಗೆ, ಪೂಜಾ ಸಾಮಗ್ರಿಗೆ, ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ. ದಿನವೂ ಮರದ ಕೆಳಗೆ ನಿಲ್ಲಿಸುವ ಗಾಡಿಗೆ ಪಾಲಿಸಿಯೇ ಅನ್ವಯಿಸುವುದಿಲ್ಲ.

"ಅಂಗಾರೆ ಕಾರು ನಿಮ್ಮ ಷೋರೂಮಿನೊಳಗೇ ನಿಂತಿದ್ರೆ ಮಾತ್ರ ಕಾಪಾಡ್ತದೆ ಅನ್ನಿ," ಎಂದ ಮಾವ.

ಮ್ಯಾನೇಜರು ನಗಲಿಲ್ಲ. "ನೀವು ಆ ಕೊಂಬೆ ಕಡಿಸಿಬಿಡಿ ಸರ್. ಹಕ್ಕಿ ಬರದ ಹಾಗೆ ಮಾಡಿ. ಆಮೇಲೆ ಬನ್ನಿ, ಒಂದು ಸಲ ಪಾಲಿಷ್ ಹೊಡೆದುಕೊಡೋಣ."

ಮಾವ ಚೀಲದಿಂದ ಭರಣಿ ತೆಗೆದ. ಸೇಲ್ಸಿನವನ ಮೇಜಿನ ಹತ್ತಿರ ಹೋಗಿ, ಗುಂಡುಪಿನ್ನುಗಳನ್ನು ಮೆಲ್ಲಗೆ ಸುರಿದು, ಮುಚ್ಚಳವನ್ನು ಭರಣಿಯ ಮೇಲಿಟ್ಟು ಒತ್ತಿದ. ಟಪ್ ಎಂದು ಕೂತಿತು. ಆಮೇಲೆ ಬೋರಲು ಮಾಡಿ ತಳದ ಬರಹವನ್ನು ಎಲ್ಲರಿಗೂ ತೋರಿಸಿದ. ಸೇಲ್ಸಿನವನ ಮುಖ ಬಾನೆಟ್ಟಿನಂತೆ ಅಲ್ಲಲ್ಲಿ ಬಿಳಿಚಿಕೊಂಡಿತು.

"ಇದೆಲ್ಲ ಡಾಕ್ಯುಮೆಂಟ್ ಅಲ್ಲ ಸರ್, ಇದು ಡಬ್ಬಿ," ಎಂದ ಮ್ಯಾನೇಜರು.

ಇಡೀ ಜಗಳದಲ್ಲಿ ಮಾವನಿಗೆ ಕೋಪ ಬಂದದ್ದು ಆ ಒಂದು ಮಾತಿಗೆ. ಭರಣಿಯನ್ನು ಡಬ್ಬಿ ಎನ್ನುವುದೇ! ಪಿನ್ನುಗಳನ್ನು ಒಂದೊಂದಾಗಿ ಆರಿಸಿ ಮತ್ತೆ ಮುಚ್ಚಳಕ್ಕೆ ಹಾಕಿ, ಸೇಲ್ಸಿನವನ ಮುಂದಿಟ್ಟು, "ನಿನ್ ತಾವೇ ಇರ್ಲಿ, ಮಾತು ಇನ್ನೂ ಮುಗ್ದಿಲ್ಲ," ಎಂದು ಹೊರಟ.

ಮನೆಯಲ್ಲಿ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಅತ್ತೆ ಊಟ ಕಡಿಮೆ ಮಾಡಿದಳು. ಕಾರು ಹತ್ತುವುದನ್ನು ಬಿಟ್ಟಳು. ಒಂದು ದಿನ ತಾನಾಗಿ ಹೇಳಿದಳು, "ನಾನು ಹಾಕ್ಸಿ ಅಂದಿದ್ಕೆ ಹಾಕ್ಸಿದ್ದು. ನನ್ನಿಂದ್ಲೇ ಆಗಿದ್ದು. ಈ ಸಲದ ಮರಿಗಳು ಹಾರೋಗ್ಲಿ, ಆಮೇಲೆ ಕೊಂಬೆ ತೆಗೆಸ್ಬುಡಿ. ಮುಂದಿನ್ ವರ್ಷ ಅವು ಬೇರೆ ಮನೆ ನೋಡ್ಕತವೆ."

ಹೇಳಿದವಳು ಒಳಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ತೊಳೆಯುವಷ್ಟು ಪಾತ್ರೆ ಅವತ್ತು ಇರಲಿಲ್ಲ ಎಂಬುದು ನನಗೂ ಗೊತ್ತು, ಮಾವನಿಗೂ ಗೊತ್ತು.

ಮಾವ ನನ್ನ ಕಡೆ ತಿರುಗಿದ. "ಏನವ್ವ, ಆ ಕಾರ್ಡಿನೋರು ಏನಾರ ಮಾಡ್ತಾರಾ?" ಎಂದ. ಸುಳ್ಳು ಹೇಳಿ ಮಾರಿದ್ದಕ್ಕೆ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನವರು ತಕರಾರು ಬರೆಸಿಕೊಂಡು ದುಡ್ಡು ವಾಪಸು ಕೊಡಿಸುವುದುಂಟು ಎಂದು ನಾನು ಎಲ್ಲೋ ಓದಿದ್ದೆ. ಅದನ್ನೇ ಹೇಳಿದೆ. ಹೇಳುವಾಗ ಕೊಡಿಸುತ್ತೇನೆ ಎಂದು ಬಾಯಿತಪ್ಪಲಿಲ್ಲ. ಹಲಗೆಯ ಮೇಲೆ ನನ್ನದು ಒಂದೇ ಭರಣಿ ಸಾಕು.

ಫೋನು ಮಾಡಿದೆವು. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದು ಒಬ್ಬಳು ಹೇಳತೊಡಗಿದಳು. ಅದು ಯಂತ್ರ ಮಾವ ಎಂದು ನಾನೆಷ್ಟು ಹೇಳಿದರೂ ಕೇಳದೆ, ಮಾವ ಅವಳಿಗೆ ಕಾರು ಕೊಂಡ ದಿನದಿಂದ ಕಥೆ ಹೇಳಿದ. "ಪಾಪ, ಮಧ್ಯ ಒಂದು ಮಾತೂ ಆಡ್ದಂಗೆ ಕೇಳುಸ್ಕತ್ತವ್ಳೆ," ಎಂದು ನನಗೆ ಸನ್ನೆ ಬೇರೆ ಮಾಡಿದ. ನಾನೇ ಕಸಿದುಕೊಂಡು ಗುಂಡಿ ಒತ್ತಿದೆ. ಕೊನೆಗೆ ನಿಜವಾದ ಹುಡುಗಿಯೊಬ್ಬಳು ಸಿಕ್ಕಳು. ಬಹಳ ಶುದ್ಧವಾದ ಕಚೇರಿ ಕನ್ನಡದಲ್ಲಿ ತಮಗೆ ಹೇಗೆ ಸಹಾಯ ಮಾಡಲಿ ಎಂದಳು. ಮಾವ ಮತ್ತೆ ಮೊದಲಿನಿಂದ ಶುರುಮಾಡಿದ. ಕೊಕ್ಕರೆ ಬಂತು, ಹುಣಸೆ ಮರ ಬಂತು, ಕೊಂಬೆ ಕಡಿಯುವ ಮಾತು ಬಂತು.

"ಅಯ್ಯೋ, ಕೊಂಬೆ ಕಡೀಬ್ಯಾಡಿ ಸಾರ್. ನಮ್ಮೂರಲ್ಲೂ ಬತ್ತವೆ," ಎಂದಿತು ಅದೇ ಕಚೇರಿಯ ಧ್ವನಿ. ಆಮೇಲೆ ತಕ್ಷಣ ಸಾವರಿಸಿಕೊಂಡು, ತಕರಾರಿಗೆ ಇನ್ನೂ ಗಡುವು ಇದೆಯೆಂದೂ, ಮಾರಿದವರು ಕೊಟ್ಟ ಮಾತು ಬರವಣಿಗೆಯಲ್ಲಿದ್ದರೆ ಪತ್ರದೊಂದಿಗೆ ಫ್ಯಾಕ್ಸ್ ಮಾಡಬೇಕೆಂದೂ ಹೇಳಿದಳು. ಯಾವೂರವ್ವ ನಿಂದು ಎಂದು ಮಾವ ಕೇಳಿಯೇಬಿಟ್ಟ. ಹಾಗೆಲ್ಲ ಹೇಳುವ ಹಾಗಿಲ್ಲ ಎಂದಳು. ಫೋನಿಟ್ಟ ಮೇಲೆ ಮಾವ, ಮಾಗಡಿ ಕಡೆಯವಳೇ ಎಂದು ಸಂಜೆಯವರೆಗೂ ವಾದಿಸಿದ.

ಪತ್ರ ಬರೆಯುವ ಕೆಲಸ ನನ್ನದಾಯಿತು. ಮಾವ ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದರೆ ಬ್ಯಾಂಕಿನವರಿಗೆ ಕೊಕ್ಕರೆಯ ಬಾಣಂತನ, ಅರಗಿನ ಗುಣ, ಹಸಿರು ಬುಗುರಿಯ ವ್ಯಾಪಾರಿ ಎಲ್ಲ ತಿಳಿಯುತ್ತಿತ್ತು, ತಕರಾರೊಂದು ತಿಳಿಯುತ್ತಿರಲಿಲ್ಲ. ನಾನು ನಾಲ್ಕು ಸಾಲಿಗೆ ಇಳಿಸಿದೆ. ಕಾರು ನಿಲ್ಲುವ ಜಾಗವನ್ನು ಮೊದಲೇ ಹೇಳಿದ್ದೆವು, ಕೇಳಿದ್ದೆವು, ಆಗುತ್ತದೆಂದು ಬರೆದುಕೊಟ್ಟರು, ಈಗ ಆಗುವುದಿಲ್ಲ ಎನ್ನುತ್ತಿದ್ದಾರೆ. ಮಾವ ಓದಿಸಿ ಕೇಳಿ, "ಒಳ್ಳೆ ಸಾರಿಗೆ ಉಪ್ಪೇ ಹಾಕ್ದಂಗೆ ಐತೆ," ಎಂದ.

ಪತ್ರವೇನೋ ಆಯಿತು, ಭರಣಿ? ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಸಾಬರು ಮಾವನಿಗೆ ಹಳೆಯ ಪರಿಚಯ. ಅವರ ತಂದೆಯೂ ಲೇತಿನ ಮುಂದೆ ಕೂತವರೇ. ಮಾವ ಭರಣಿಯನ್ನು ಅವರ ಮುಂದಿಟ್ಟು, ಇದನ್ನು ಬೊಂಬಾಯಿಯ ಬ್ಯಾಂಕಿಗೆ ಫ್ಯಾಕ್ಸ್ ಮಾಡಬೇಕು ಎಂದ.

ಸಾಬರು ಭರಣಿ ನೋಡಿದರು, ಫ್ಯಾಕ್ಸ್ ಯಂತ್ರದ ಸೀಳು ನೋಡಿದರು. "ಅಣ್ಣಾ, ಇದು ಈ ಕಡೆ ಹೋಗಲ್ಲ. ಹೋದ್ರೂ ಆ ಕಡೆ ಬರಲ್ಲ," ಎಂದರು ಬಹಳ ವಿನಯದಿಂದ. ಆಮೇಲೆ ಭರಣಿಯನ್ನು ಜೆರಾಕ್ಸ್ ಗಾಜಿನ ಮೇಲೆ ಕೂರಿಸಿ, ಮೇಲೆ ಕಪ್ಪು ಬಟ್ಟೆ ಹೊದಿಸಿ ಗುಂಡಿ ಒತ್ತಿದರು. ಹಾಳೆಯ ಮೇಲೆ ಅಕ್ಷರ, ಸಹಿ, ಮೊಹರು ಎಲ್ಲ ಹುಣ್ಣಿಮೆ ಚಂದ್ರನೊಳಗೆ ಬರೆದ ಹಾಗೆ ಮೂಡಿಬಂದವು. ಸಾಬರು ಹೆಬ್ಬೆರಳಿನಿಂದ ಭರಣಿಯ ತಳ ಉಜ್ಜಿ ನೋಡಿ, "ಏನ್ ಕೈ ಅಣ್ಣಾ ನಿಮ್ದು. ಪಾಲಿಸಿ ನೀವೇ ಮಾರಬೇಕಿತ್ತು," ಎಂದರು. ಫ್ಯಾಕ್ಸಿಗೆ ಕಾಸು ತೆಗೆದುಕೊಳ್ಳಲಿಲ್ಲ.

ಆಮೇಲೆ ಕಾಯುವುದು. ಬ್ಯಾಂಕಿನವರು ಷೋರೂಮನ್ನು ಕೇಳಿದರಂತೆ. ಷೋರೂಮಿನವರು ಪಾಲಿಸಿಯ ಕೊನೆಯ ಪುಟ ಕಳಿಸಿದರಂತೆ. ಬ್ಯಾಂಕಿನವರು ನಮ್ಮನ್ನು ಮತ್ತೆ ಕೇಳಿದರು, ನಾವು ಮತ್ತೆ ಭರಣಿಯನ್ನು ಗಾಜಿನ ಮೇಲೆ ಕೂರಿಸಿದೆವು. ಹೀಗೆ ಬೇಸಿಗೆ ಕಳೆಯಿತು. ಒಂದು ದಿನ ಕೊಕ್ಕರೆ ಮರಿಗಳು ರೆಕ್ಕೆ ಬಲಿತು ಹಾರಿದವು. ಕೊಂಬೆ ಖಾಲಿಯಾಯಿತು.

ಅತ್ತೆ ಮರ ಕೊಯ್ಯುವವನಿಗೆ ಹೇಳಿಕಳಿಸಿದಳು. ಅವನು ಗರಗಸ ಹೊತ್ತು ಬಂದರೆ ಮಾವ ಅವನ ಗರಗಸ ನೋಡಿ, ಹಲ್ಲು ಸರಿಯಿಲ್ಲ, ಸಾಣೆ ಹಿಡಿಸಿಕೊಂಡು ಬಾ ಎಂದು ವಾಪಸು ಕಳಿಸಿದ. ಹಿಡಿಸಿಕೊಂಡು ಬಂದ. ಇವತ್ತು ಮಂಗಳವಾರ ಎಂದ ಮಾವ. ಬುಧವಾರ ಬಂದ. ಮರ ಹಸಿ ಇದೆ, ಮಳೆ ನಿಲ್ಲಲಿ ಎಂದ ಮಾವ. ಮೂವತ್ತು ವರ್ಷ ಮರ ಕೊಯ್ದು ಬದುಕಿದವನು ಒಂದು ಕೊಂಬೆಗೆ ಇಷ್ಟು ನೆಪ ಹೇಳುವುದೇ! ನಾಲ್ಕನೆಯ ಸಲ ಮಾವ ಅವನ ಮುಂದೆ ಒಂದು ಭರಣಿ ಬೋರಲು ಹಾಕಿ, "ಕೊಂಬೆ ಬಿದ್ದಾಗ ಹೆಂಚು ಒಡಿಯಾಕಿಲ್ಲ ಅಂತ ಬರ್ದುಕೊಡು," ಎಂದ. ಅವನು ಗರಗಸ ಎತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ.

"ಎಷ್ಟು ದಿನ ಹಿಂಗೇ ತಳ್ತೀರಿ?" ಎಂದಳು ಅತ್ತೆ.

"ಕಾರ್ಡಿನೋರು ಹೇಳೋಗಂಟ ತಡಿ. ತಪ್ಪು ಮರದ್ದಲ್ಲ ಅಂತ ಅವ್ರು ಬರೀಲಿ," ಎಂದ ಮಾವ. ಅವನಿಗೆ ದುಡ್ಡಿಗಿಂತ ಅದೇ ಬೇಕಿತ್ತೆಂದು ನನಗೆ ಆಗ ಹೊಳೆಯಿತು. ತಪ್ಪು ಮರದ್ದಲ್ಲ, ಕೊಕ್ಕರೆಯದಲ್ಲ, ಕೇಳಿ ತಿಳಿದುಕೊಂಡು ಹಾಕಿಸಿದ ಅತ್ತೆಯದಂತೂ ಅಲ್ಲವೇ ಅಲ್ಲ.

ಗೌರಿ ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಪತ್ರ ಬಂತು. ನಾನು ರಾಮನಗರದಿಂದ ಬಸ್ಸು ಹಿಡಿದು ಓಡಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಮಾವ ಲೇತು ನಿಲ್ಲಿಸಿ ಕೂತಿದ್ದ. ನಾನು ಓದಿದೆ. ಗ್ರಾಹಕರು ವಾಹನ ನಿಲ್ಲಿಸುವ ಜಾಗವನ್ನು ಮೊದಲೇ ತಿಳಿಸಿದ್ದು, ಮಾರಾಟಗಾರರು ಲಿಖಿತ ಭರವಸೆ ಕೊಟ್ಟಿದ್ದು ಕಂಡುಬಂದಿರುವುದರಿಂದ ತಕರಾರನ್ನು ಗ್ರಾಹಕರ ಪರವಾಗಿ ಮುಗಿಸಲಾಗಿದೆ. ಪಾಲಿಸಿಯ ಹಣ ಪೂರ್ತಿ ಕಾರ್ಡಿಗೆ ವಾಪಸು.

"ಮರದ ಸುದ್ದಿ ಐತಾ?" ಎಂದ ಮಾವ.

ಮರದ ಸುದ್ದಿ ಎಲ್ಲಿಂದ ಬರಬೇಕು? ಆದರೆ ನಾನು ಇಂಗ್ಲಿಷ್ ಮೇಷ್ಟ್ರಮ್ಮ. ಕಾಗದ ಎತ್ತಿ ಹಿಡಿದು, ಇದರಲ್ಲಿ ಮರದ, ಹಕ್ಕಿಗಳ, ಹಾಗೂ ಮನೆಯ ಯಜಮಾನಿಯ ಯಾವ ತಪ್ಪೂ ಇಲ್ಲವೆಂದು ಬ್ಯಾಂಕು ಭಾವಿಸುತ್ತದೆ ಎಂದು ಗಂಭೀರವಾಗಿ ಓದಿದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಈ ಸಲ ಪಾತ್ರೆಯ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬಟ್ಟಿನ ಬೇಳೆ ಬೇಯುವ ವಾಸನೆ ಬಂತು. ಹಬ್ಬದ ದಿನ ಮಚ್ಚೆ ಮಚ್ಚೆ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಕನಕಪುರಕ್ಕೆ ಹೋಗಿ ಬಾಗಿನ ತೆಗೆದುಕೊಂಡು ಬಂದಳು.

ಅದೇ ವರ್ಷದ ಕೊನೆಗೆ ಆ ಸೇಲ್ಸಿನವನು ಮಾವನ ಮನೆಗೇ ಬಂದ. ಟೈ ಇರಲಿಲ್ಲ. ಆ ಕೆಲಸ ಬಿಟ್ಟು ಬಿಡದಿಯ ಕಾರ್ಖಾನೆಯೊಂದರಲ್ಲಿ ಸ್ಟೋರಿನಲ್ಲಿದ್ದನಂತೆ. ಜೇಬಿನಿಂದ ಮುಚ್ಚಳ ತೆಗೆದು, "ಹಂಗೇ ಹೇಳಿ ಮಾರಿ ಅಂತ ಹೇಳ್ಕೊಟ್ಟಿದ್ರು ಅಂಕಲ್. ಇದು ನನ್ ಹತ್ರ ಇಟ್ಕೊಳ್ಳೋಕೆ ಆಗ್ಲಿಲ್ಲ," ಎಂದ. ಮಾವ ಹಲಗೆಯಿಂದ ಅವನ ಭರಣಿ ಇಳಿಸಿ, ಮುಚ್ಚಳ ಹಾಕಿಸಿ, ಅವನ ಕೈಗೇ ಕೊಟ್ಟ. ಮಾತು ಉಳಿಯಲಿಲ್ಲವಲ್ಲ ಮಾವ ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಬಂದನಲ್ಲ," ಎಂದ. ಆ ಹುಡುಗ ಮುದ್ದೆ ಉಂಡು ಹೋದ. ಹೋಗುವಾಗ ಮತ್ತೆ ಬರುತ್ತೇನೆ ಎನ್ನಲು ಬಾಯಿ ತೆರೆದು, ಹಲಗೆಯ ಕಡೆ ನೋಡಿ, ಸುಮ್ಮನಾದ.

ಸಂಕ್ರಾಂತಿಗೆ ಕೊಕ್ಕರೆಗಳು ಬಂದವೆಂದು ನಾನು ನೋಡಲು ಹೋಗಿದ್ದೆ. ಅತ್ತೆ ಹಿತ್ತಿಲಿನಲ್ಲಿ ತಲೆಯೆತ್ತಿ ಎಣಿಸುತ್ತಿದ್ದಳು. ಕುಂಕುಮ ಇಟ್ಟುಕೊಂಡು ಬಾ ಎಂದಳು. ದೇವರಮನೆಯಲ್ಲಿ ಅವಳ ಹಳೆಯ ಭರಣಿ ಕೈಗೆತ್ತಿಕೊಂಡಾಗ ಎಂದಿನಂತೆ ಸ್ಟೀಲಿನ ತಟ್ಟೆ ಜಾರಿತು. ಹಿಡಿಯಲು ಹೋದಾಗ ಭರಣಿ ವಾಲಿತು, ತಳ ಕಂಡಿತು. ಕುಂಕುಮದ ಕೆಂಪು ಹತ್ತಿದ ಮರ, ಅದರ ಮೇಲೆ ಅರಗು ಗಾಜಿನಂತೆ ಹೊಳೆಯುತ್ತಿತ್ತು. ಕೆಳಗೆ ಮಾವನ ಹರೆಯದ ಗುಂಡು ಗುಂಡು ಅಕ್ಷರ.

'ನಿನ್ನ ಹೆಣ್ಣುಮಕ್ಕಳು ಬರೋ ಮರಕ್ಕೆ ನಾನು ಗರಗಸ ಇಡಾಕಿಲ್ಲ.'

ಊರಿನವರಿಂದೆಲ್ಲ ಬರೆಸಿಕೊಂಡವನು ತಾನೂ ಒಂದು ಬರೆದುಕೊಟ್ಟಿದ್ದ. ಆ ಮನೆಗೆ ಮಕ್ಕಳಾಗುವುದಿಲ್ಲವೆಂದು ಗೊತ್ತಾದ ವರ್ಷವೇ ಇರಬೇಕು. ಯಾವಾಗ ಎಂದು ನಾನು ಕೇಳಲಿಲ್ಲ. ಅತ್ತೆ ಪ್ರತಿದಿನ ಬೆಳಿಗ್ಗೆ ಆ ಮಾತನ್ನು ಕೈಯಲ್ಲಿ ಹಿಡಿದೇ ಹಣೆಗಿಟ್ಟುಕೊಳ್ಳುತ್ತಿದ್ದಳು. ಅದನ್ನೇ ಬಿಟ್ಟುಕೊಡಲು ಹೊರಟಿದ್ದಳು, ಒಂದು ಕಾರಿನ ಬಣ್ಣಕ್ಕಾಗಿ. ನಾನು ಹಣೆಗೆ ಕುಂಕುಮ ಇಟ್ಟುಕೊಂಡು ತಟ್ಟೆ ಮುಚ್ಚಿದೆ.

ಹೊರಗೆ ಬಂದರೆ ಮಾವ ಕಾರಿನ ಬಾಗಿಲು ತೆರೆದು ಒಳಗೆ ಒರೆಸುತ್ತಿದ್ದ. ಮುಂದಿನ ಹಲಗೆಯ ಮೇಲೆ ಆ ಹಳೆಯ ಕೆಂಪು ಮುಚ್ಚಳ. ಅಷ್ಟು ವರ್ಷವಾದರೂ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ನಾನು ಅದರ ಮೇಲೆ ಬೆರಳಿಟ್ಟು ಕೇಳಿದೆ.

"ಮಾವ, ಇದನ್ನ ಅತ್ತೆ ಭರಣಿಗೆ ಯಾವಾಗ ಹಾಕ್ತೀಯ?"

ಮಾವ ಒರೆಸುವುದನ್ನು ನಿಲ್ಲಿಸಿ ನನ್ನ ಹಣೆಯ ಕುಂಕುಮ ನೋಡಿದ, ಹಿತ್ತಿಲಿನ ಕಡೆ ನೋಡಿದ.

"ಹಾಕಂಗಿಲ್ಲ ಕಣವ್ವ. ಮರ ಇರೋಗಂಟ ಆ ಮಾತು ಮುಗಿಯಾಕಿಲ್ಲ," ಎಂದ.

ಅಷ್ಟರಲ್ಲಿ ಮೇಲಿನಿಂದ ಬಾನೆಟ್ಟಿನ ಮೇಲೆ ತಪ್ಪನೆ ಬಿತ್ತು. ಮಾವ ತಲೆಯೆತ್ತಿ ನೋಡಿ, ಬಟ್ಟೆ ಒದ್ದೆ ಮಾಡಿಕೊಂಡು ಬರಲು ಬಾವಿಯ ಕಡೆ ಹೋದ.